ಕ್ಲಾಸೋ, ಕ್ಲಬ್ಬೋ, ತಾಳಮದ್ದಲೆಯೋ: ಉದ್ಯೋಗಕ್ಕೆ ಬೇಕಾದ ಮಾತು ಮತ್ತು ಬರಹ ಕಲಿಯಲು ಉತ್ತರ ಕನ್ನಡದವರ ಮುಂದಿರುವ ದಾರಿಗಳು

ಪದವಿ ಮುಗಿಸಿದವರು, ಹೊಸದಾಗಿ ಕೆಲಸಕ್ಕೆ ಸೇರಿದವರು, ಕೆಲವೊಮ್ಮೆ ಅವರ ತಂದೆತಾಯಿಗಳು ನನ್ನನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಮಾತು ಸುಧಾರಿಸಬೇಕು, ಯಾವ ಕ್ಲಾಸಿಗೆ ಸೇರಿದರೆ ಒಳ್ಳೆಯದು? ಶಿರಸಿ ಸೀಮೆಯ ಒಂದು ಸಹಕಾರಿ ಸಂಘದ ಕಚೇರಿಯಲ್ಲಿ ನಾನು ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ಹೊಸಬರ ಸಂದರ್ಶನಕ್ಕೆ ಕುಳಿತಿದ್ದೇನೆ, ಅವರು ಬರೆದ ಪತ್ರಗಳನ್ನು ತಿದ್ದಿದ್ದೇನೆ. ಅದಕ್ಕೂ ಮೊದಲು ನನ್ನ ಪತ್ರಗಳನ್ನು ಹಿರಿಯರೊಬ್ಬರು ಕೆಂಪು ಶಾಯಿಯಲ್ಲಿ ತಿದ್ದಿ ಮರಳಿಸುತ್ತಿದ್ದ ವರ್ಷಗಳನ್ನು ಕಂಡಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಎಲ್ಲಿ ಹೆಚ್ಚು ಕಲಿಸುತ್ತಾರೆ ಎಂಬುದನ್ನು ನೋಡಿ ದಾರಿ ಆರಿಸಿಕೊಂಡವರಿಗಿಂತ, ಎಲ್ಲಿ ತಮ್ಮ ಬಾಯಿ ಮತ್ತು ಕೈಗೆ ಹೆಚ್ಚು ಕೆಲಸ ಸಿಗುತ್ತದೆ, ಆ ಕೆಲಸವನ್ನು ಯಾರು ತಿದ್ದುತ್ತಾರೆ ಎಂಬುದನ್ನು ನೋಡಿ ಆರಿಸಿಕೊಂಡವರು ಮುಂದೆ ಹೋಗಿದ್ದಾರೆ. ಮುಂದಿನ ಹೋಲಿಕೆಯನ್ನೆಲ್ಲ ಇದೇ ಅಳತೆಗೋಲಿನಿಂದ ಮಾಡಿದ್ದೇನೆ.

ಮೊದಲು ಯಾವ ಭಾಷೆ, ಯಾವ ಕೆಲಸ

ದಾರಿಗಳನ್ನು ಹೋಲಿಸುವ ಮೊದಲು ಒಂದು ವಿಷಯ ನಿರ್ಧಾರವಾಗಬೇಕು. ನಮ್ಮ ಜಿಲ್ಲೆಯಲ್ಲಿ ಮನೆಯ ಮಾತು ಊರಿಂದ ಊರಿಗೆ ಬದಲಾಗುತ್ತದೆ. ಕಾರವಾರದ ಬಹಳಷ್ಟು ಮನೆಗಳಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಶಿರಸಿ ಸಿದ್ದಾಪುರದ ತೋಟಪಟ್ಟಿಯಲ್ಲಿ ಹವ್ಯಕ ಕನ್ನಡ, ಅಂಕೋಲಾ ಕುಮಟಾ ಕಡೆಯ ಕೊಪ್ಪಗಳಲ್ಲಿ ಹಾಲಕ್ಕಿ ಕನ್ನಡ, ಹಳಿಯಾಳದ ಕಡೆ ಮರಾಠಿ. ಆದ್ದರಿಂದ ಇಲ್ಲಿಯ ಬಹುಪಾಲು ಮಕ್ಕಳಿಗೆ ಶಾಲೆಯ ಕನ್ನಡವೇ ಕಲಿತು ಪಡೆದ ಮಾತು, ಇಂಗ್ಲಿಷ್ ಅದರ ಮೇಲೆ ಬಂದ ಇನ್ನೊಂದು ಮಾತು. ಹೀಗಿದ್ದೂ ಸಂವಹನ ಕೌಶಲವೆಂದರೆ ಇಂಗ್ಲಿಷ್ ಮಾತನಾಡುವುದು ಎಂದೇ ಹೆಚ್ಚಿನವರು ತಿಳಿದು, ಕನ್ನಡದಲ್ಲಿ ಒಂದು ನೋಟಿಸು ಬರೆಯಲು ಬಾರದ ಕೊರತೆಯನ್ನು ಹಾಗೆಯೇ ಬಿಟ್ಟು, ಇಂಗ್ಲಿಷ್ ಕ್ಲಾಸಿಗೆ ಹಣ ಕಟ್ಟುತ್ತಾರೆ.

ಕೆಲಸದ ಜಾಗ ಯಾವ ಭಾಷೆಯನ್ನು ಕೇಳುತ್ತದೆ ಎಂಬುದು ಜಾಗದ ಮೇಲೆಯೇ ನಿಂತಿದೆ. ಕೈಗಾ ಅಣುವಿದ್ಯುತ್ ಕೇಂದ್ರದಲ್ಲಿ ಅಥವಾ ಕಾರವಾರದ ನೌಕಾನೆಲೆಯಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುವವರಿಗೆ ಬೇರೆ ಬೇರೆ ರಾಜ್ಯಗಳಿಂದ ಬಂದವರೊಡನೆ ವ್ಯವಹರಿಸಲು ಹಿಂದಿ ಮತ್ತು ಇಂಗ್ಲಿಷ್ ಬೇಕು. ಗೋವಾಕ್ಕೆ ಹೋಗುವವರಿಗೆ ಕೊಂಕಣಿ ಬಂದರೆ ಅರ್ಧ ದಾರಿ ಸವೆದಂತೆ. ಗ್ರಾಮ ಪಂಚಾಯಿತಿ, ತಾಲೂಕು ಕಚೇರಿ, ಸಹಕಾರಿ ಸಂಘ, ಬ್ಯಾಂಕಿನ ಕೌಂಟರು ಇವೆಲ್ಲ ಜನರೊಡನೆ ಕನ್ನಡದಲ್ಲಿ ನಡೆಯುವ ಜಾಗಗಳು. 1963ರ ರಾಜಭಾಷಾ ಕಾಯ್ದೆಯ ನಂತರ ರಾಜ್ಯದ ಆಡಳಿತದ ಭಾಷೆಯೂ ಕನ್ನಡವೇ. ಎಂಜಿನಿಯರಿಂಗ್ ಓದಿ ಬೆಂಗಳೂರಿನ ಕಂಪನಿಗೆ ಹೋಗುವವರಿಗೆ ಇಂಗ್ಲಿಷ್ ಇಮೇಲ್ ಬೇಕು, ವಿದೇಶಕ್ಕೆ ಹೊರಡುವ ನರ್ಸಿಗೆ ಅಂಕ ಕೊಡುವ ಇಂಗ್ಲಿಷ್ ಪರೀಕ್ಷೆ ಬೇಕು. ಆದ್ದರಿಂದ ಕಳೆದ ಒಂದು ತಿಂಗಳಲ್ಲಿ ಮಾತು ತಡವರಿಸಿದ ಅಥವಾ ಬರಹ ನಿಂತುಹೋದ ಸಂದರ್ಭಗಳನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ, ಪ್ರತಿಯೊಂದರ ಮುಂದೆ ಭಾಷೆ ಯಾವುದು, ಎದುರಿಗೆ ಯಾರಿದ್ದರು ಎಂದು ನಮೂದಿಸಿ. ಹತ್ತರಲ್ಲಿ ಏಳು ಸಂದರ್ಭ ಕನ್ನಡದವೇ ಆಗಿದ್ದರೆ ಇಂಗ್ಲಿಷ್ ಕ್ಲಾಸು ನಿಮ್ಮ ಮೊದಲ ಅಗತ್ಯವಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ನಮ್ಮ ಕಡೆಯ ಮಕ್ಕಳು ಮನೆಯ ಮಾತಿನ ಬಗ್ಗೆ ನಾಚಿಕೊಂಡು ಸಂದರ್ಶನದಲ್ಲಿ ಬಾಯಿ ಬಿಗಿದು ಕೂರುವುದನ್ನು ನಾನು ಬಹಳ ಸಲ ನೋಡಿದ್ದೇನೆ. "ನಾಳೆ ಬರುತ್ತೇನೆ ಹೇಳಿ ಹೇಳಿದರು" ಎಂದು ಮಾತನಾಡುವುದು ನಮ್ಮ ಸೀಮೆಯ ಸಹಜ ರೂಢಿ. ಪತ್ರದಲ್ಲಿ ಅದು "ನಾಳೆ ಬರುತ್ತೇನೆ ಎಂದು ಹೇಳಿದರು" ಎಂದಾಗಬೇಕು, ಅಷ್ಟೇ. ಎರಡು ರೂಪಗಳ ನಡುವಿನ ವ್ಯತ್ಯಾಸ ತಿಳಿದರೆ ಸಾಕು, ಒಂದನ್ನು ಮರೆಯಬೇಕಾಗಿಲ್ಲ. ಮನೆಯ ಮಾತನ್ನು ಹೀಗಳೆದು ಕಲಿಸುವ ಶಿಕ್ಷಕರಿದ್ದರೆ, ಶುಲ್ಕ ಎಷ್ಟೇ ಕಡಿಮೆಯಿರಲಿ, ಅಲ್ಲಿಗೆ ಹೋಗಬೇಡಿ. ಬಾಯಿ ಬಿಡಲು ಹೆದರಿಸುವವರಿಂದ ಮಾತು ಕಲಿಯಲು ಆಗುವುದಿಲ್ಲ.

ಕ್ಲಾಸು ಮತ್ತು ಕ್ಲಬ್ಬು: ನಿಮಿಷಗಳ ಲೆಕ್ಕ

ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳು ಜಿಲ್ಲೆಯ ಎಲ್ಲ ದೊಡ್ಡ ಊರುಗಳಲ್ಲಿ ಇವೆ, ಅವುಗಳ ಗುಣವೂ ಕಲಿಸುವ ವ್ಯಕ್ತಿಯನ್ನು ಅವಲಂಬಿಸಿ ಬೇರೆ ಬೇರೆ. ಶುಲ್ಕವನ್ನು ಹೋಲಿಸುವುದಕ್ಕಿಂತ ಒಂದು ಸಣ್ಣ ಲೆಕ್ಕ ಹಾಕುವುದು ಹೆಚ್ಚು ಪ್ರಯೋಜನಕರ. ದಿನಕ್ಕೆ ಒಂದು ಗಂಟೆಯಂತೆ ವಾರಕ್ಕೆ 5 ದಿನ, 8 ವಾರ ನಡೆಯುವ ಕ್ಲಾಸು ಎಂದುಕೊಳ್ಳೋಣ, ಅಂದರೆ ಒಟ್ಟು 40 ಗಂಟೆ. ತರಗತಿಯಲ್ಲಿ 25 ಜನ ಇದ್ದಾರೆ, ಗಂಟೆಯ ಅರ್ಧದಷ್ಟು ಸಮಯ ಶಿಕ್ಷಕರ ವಿವರಣೆಗೆ ಹೋಗುತ್ತದೆ. ಉಳಿದ 30 ನಿಮಿಷ ಎಲ್ಲರಿಗೂ ಸಮನಾಗಿ ಹಂಚಿದರೆ ಒಬ್ಬರಿಗೆ ದಿನಕ್ಕೆ ಒಂದೂಕಾಲು ನಿಮಿಷವೂ ಸಿಗುವುದಿಲ್ಲ. ಎರಡು ತಿಂಗಳು ಸೇರಿ 48 ನಿಮಿಷ. ಅದೂ ಮುಂದಿನ ಸಾಲಿನವರು ಹೆಚ್ಚು ಪಾಲು ಪಡೆಯದಿದ್ದರೆ. ಅದೇ ಕ್ಲಾಸಿನಲ್ಲಿ 8 ಜನ ಮಾತ್ರ ಇದ್ದರೆ ಒಬ್ಬರಿಗೆ ಎರಡೂವರೆ ಗಂಟೆ ಸಿಗುತ್ತದೆ. ಆದ್ದರಿಂದ ದುಬಾರಿಯಾದ ಸಣ್ಣ ಬ್ಯಾಚು, ಅಗ್ಗದ ದೊಡ್ಡ ಬ್ಯಾಚಿಗಿಂತ ನಿಮಿಷದ ಲೆಕ್ಕದಲ್ಲಿ ಅಗ್ಗವಾಗಿರುವುದು ಸಾಧ್ಯ. ಸೇರುವ ಮೊದಲು ಒಂದು ದಿನ ಕೂತು ನೋಡಲು ಅನುಮತಿ ಕೇಳಿ, ಯಾರಾದರೂ ಒಬ್ಬ ವಿದ್ಯಾರ್ಥಿಯನ್ನು ಗುರುತಿಸಿಕೊಂಡು ಅವನು ಎಷ್ಟು ಹೊತ್ತು ಮಾತನಾಡಿದ, ಅವನ ಯಾವ ತಪ್ಪನ್ನು ಶಿಕ್ಷಕರು ಹೆಸರಿಸಿ ತಿದ್ದಿದರು ಎಂದು ಗಮನಿಸಿ.

ಕ್ಲಾಸಿನ ನಿಜವಾದ ಬಲ ಇರುವುದು ಅಡಿಪಾಯದಲ್ಲಿ. ವಾಕ್ಯ ಕಟ್ಟಲೇ ಬಾರದವರಿಗೆ, ಇಂಗ್ಲಿಷ್ ಕ್ರಿಯಾಪದದ ಕಾಲಗಳು ಗೊಂದಲವಾಗಿರುವವರಿಗೆ ಕ್ರಮವಾಗಿ ಹೇಳಿಕೊಡುವವರು ಬೇಕೇ ಬೇಕು. ಭಾಷಣದ ಅಭ್ಯಾಸಕ್ಕಾಗಿ ಜನ ಸೇರುವ ಕ್ಲಬ್ಬು ಅದನ್ನು ಮಾಡಿಕೊಡುವುದಿಲ್ಲ.

ಕ್ಲಬ್ಬು ಎಂದಾಗ ಮೊದಲು ನೆನಪಾಗುವುದು ಟೋಸ್ಟ್‌ಮಾಸ್ಟರ್ಸ್. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂತಾ ಅನಾ ಊರಿನಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ ಈ ಸಂಸ್ಥೆಯ ಸಭೆಗೆ ಒಂದು ಕಟ್ಟುನಿಟ್ಟಾದ ಚೌಕಟ್ಟಿದೆ. ಸಿದ್ಧಪಡಿಸಿಕೊಂಡ ಭಾಷಣಕ್ಕೆ ಸಾಮಾನ್ಯವಾಗಿ 5ರಿಂದ 7 ನಿಮಿಷ, ಆ ಕ್ಷಣದಲ್ಲಿ ಕೊಟ್ಟ ವಿಷಯದ ಮೇಲೆ ಆಡುವ ಆಶು ಮಾತಿಗೆ 1ರಿಂದ 2 ನಿಮಿಷ, ಭಾಷಣವನ್ನು ವಿಮರ್ಶಿಸುವವರಿಗೆ 2ರಿಂದ 3 ನಿಮಿಷ. ಹಸಿರು, ಹಳದಿ, ಕೆಂಪು ಸೂಚನೆಗಳಿಂದ ಸಮಯ ತೋರಿಸುತ್ತಾರೆ. ಒಬ್ಬರು "ಆಂ", "ಅದೇನೆಂದರೆ" ಎಂಬಂಥ ತುಂಬುಪದಗಳನ್ನು ಎಣಿಸುತ್ತಾರೆ, ಇನ್ನೊಬ್ಬರು ಭಾಷೆಯ ಬಳಕೆಯನ್ನು ಗಮನಿಸುತ್ತಾರೆ. ಇಲ್ಲಿ ವೃತ್ತಿಪರ ಶಿಕ್ಷಕರಿಲ್ಲ, ಸದಸ್ಯರೇ ಪರಸ್ಪರ ತಿದ್ದಿಕೊಳ್ಳುತ್ತಾರೆ. ವಾರಕ್ಕೊಮ್ಮೆ ಸಭೆ ಸೇರಿ, ಪ್ರತಿ ಸಲ ಆಶು ಮಾತಿಗೆ ಎದ್ದು ನಿಂತು, ಎರಡು ತಿಂಗಳಲ್ಲಿ ಎರಡು ಭಾಷಣ ಮಾಡಿದರೂ ನಿಮ್ಮ ಮಾತು ಅರ್ಧ ಗಂಟೆಯ ಆಸುಪಾಸಿನಲ್ಲಿಯೇ ಇರುತ್ತದೆ, ಅಂದರೆ ಆ ದೊಡ್ಡ ಬ್ಯಾಚಿನ ಕ್ಲಾಸಿಗಿಂತಲೂ ಕಡಿಮೆ. ಹೀಗಿದ್ದರೂ ವಾಕ್ಯ ಕಟ್ಟಲು ಬರುವವರಿಗೆ ನಾನು ಕ್ಲಬ್ಬನ್ನೇ ಹೇಳುತ್ತೇನೆ, ಏಕೆಂದರೆ ಆ ಅರ್ಧ ಗಂಟೆಯೆಲ್ಲವೂ ನಿಮ್ಮದೇ ವಿಚಾರವನ್ನು ಇಪ್ಪತ್ತು ಜನರ ಮುಂದೆ ನಿಂತು ಆಡಿದ ಮಾತು. ಕ್ಲಾಸಿನ 48 ನಿಮಿಷದಲ್ಲಿ ಬಹುಭಾಗ ಪುಸ್ತಕದ ವಾಕ್ಯಗಳ ಪುನರುಚ್ಚಾರವಾಗಿರುತ್ತದೆ. ಮೇಲಾಗಿ, ಇನ್ನೊಬ್ಬರ ಭಾಷಣವನ್ನು ವಿಮರ್ಶಿಸುವ ಸರದಿ ಬಂದಾಗ ಕಿವಿಗೊಟ್ಟು ಕೇಳುವುದನ್ನು ಕಲಿಯಬೇಕಾಗುತ್ತದೆ. ಕಚೇರಿಯ ಸಭೆಗಳಲ್ಲಿ ಎಲ್ಲಕ್ಕಿಂತ ಅಪರೂಪವಾಗಿ ಕಂಡ ಗುಣ ಅದು. ಹತ್ತಿರದಲ್ಲಿ ಕ್ಲಬ್ಬು ಇಲ್ಲದವರಿಗೆ ಆನ್‌ಲೈನಿನಲ್ಲಿ ಸೇರುವ ಕ್ಲಬ್ಬುಗಳಿವೆ, ಅತಿಥಿಯಾಗಿ ಹೋಗಿ ನೋಡಲು ಶುಲ್ಕವಿಲ್ಲ. ಸದಸ್ಯತ್ವದ ಹಣ ಆರು ತಿಂಗಳಿಗೊಮ್ಮೆ ಡಾಲರ್ ಲೆಕ್ಕದಲ್ಲಿ ಬರುತ್ತದೆ ಎಂಬುದನ್ನು ಮಾತ್ರ ಮೊದಲೇ ತಿಳಿದಿರಿ. 18ರಿಂದ 40 ವರ್ಷದವರಿಗಾಗಿ ಇರುವ ಜೇಸಿಐ ಸಂಸ್ಥೆಯ ಘಟಕಗಳೂ ಭಾಷಣಕಲೆಯ ತರಬೇತಿ ನಡೆಸುತ್ತವೆ. ಅಲ್ಲಿ ಭಾಷಣದ ಜೊತೆಗೆ ಕಾರ್ಯಕ್ರಮ ನಿರೂಪಣೆ, ಸ್ವಾಗತ, ವಂದನಾರ್ಪಣೆ ಇವೆಲ್ಲ ಕನ್ನಡದಲ್ಲಿಯೇ ಅಭ್ಯಾಸಕ್ಕೆ ಸಿಗುವುದರಿಂದ ಊರಿನಲ್ಲೇ ಉದ್ಯೋಗ ಮಾಡುವವರಿಗೆ ಅದು ಹೆಚ್ಚು ಹೊಂದುತ್ತದೆ.

ಇವೆರಡೂ ಕೈಗೆಟುಕದಿದ್ದರೆ ಐದು ಜನ ಸೇರಿ ಸ್ವಂತ ಗುಂಪು ಮಾಡಿಕೊಳ್ಳಬಹುದು. ವಾರಕ್ಕೊಂದು ಗಂಟೆ, ಒಬ್ಬೊಬ್ಬರಿಗೆ 5 ನಿಮಿಷದ ಮಾತು, 2 ನಿಮಿಷದ ಆಶು ಮಾತು, ಉಳಿದ 25 ನಿಮಿಷ ತಿದ್ದುಪಡಿಗೆ. 8 ವಾರದಲ್ಲಿ ಒಬ್ಬರಿಗೆ 56 ನಿಮಿಷ ಸಿಗುತ್ತದೆ, ಖರ್ಚು ಚಹದ್ದು ಮಾತ್ರ. ಇದರ ಕೊರತೆ ಇನ್ನೊಂದೆಡೆ ಇದೆ: ಐವರೂ ಒಂದೇ ಮಟ್ಟದವರಾದರೆ ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುವುದಿಲ್ಲ, ಗೆಳೆತನದ ಸಂಕೋಚದಲ್ಲಿ ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ. ತಿಂಗಳಿಗೊಮ್ಮೆಯಾದರೂ ಒಬ್ಬ ನಿವೃತ್ತ ಅಧ್ಯಾಪಕರನ್ನೋ ಬ್ಯಾಂಕಿನ ಅಧಿಕಾರಿಯನ್ನೋ ಕರೆದು ಕೂರಿಸಿದರೆ ಆ ಕೊರತೆ ಬಹಳ ಮಟ್ಟಿಗೆ ತುಂಬುತ್ತದೆ. ನಮ್ಮ ಊರುಗಳಲ್ಲಿ ಅಂಥವರು ಕರೆದರೆ ಬರುತ್ತಾರೆ.

ತಾಳಮದ್ದಲೆ, ಮತ್ತು ಊರಿನ ಇತರ ವೇದಿಕೆಗಳು

ಬೆಂಗಳೂರಿನಲ್ಲಿ ಕುಳಿತು ಬರೆಯುವವರ ಹೋಲಿಕೆಯಲ್ಲಿ ಈ ದಾರಿ ಇರುವುದಿಲ್ಲ, ನಮಗಾದರೋ ಅದು ಅಂಗಳದಲ್ಲಿಯೇ ಇದೆ. ತಾಳಮದ್ದಲೆ ಎಂದರೆ ಕುಳಿತು ಆಡುವ, ಮಾತೇ ಮುಖ್ಯವಾದ ಯಕ್ಷಗಾನ; ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಪಾತ್ರದ ಮಾತು ಆಡುವ ಅರ್ಥಧಾರಿ ಆ ಪದ್ಯದ ಆಧಾರದ ಮೇಲೆ ಅಲ್ಲಿಯೇ ಮಾತು ಕಟ್ಟುತ್ತಾನೆ, ಎದುರಿನ ಅರ್ಥಧಾರಿ ಅದಕ್ಕೆ ಉತ್ತರ ಕೊಡುತ್ತಾನೆ. ಬಾಯಿಪಾಠ ಮಾಡಿಕೊಂಡು ಹೋದವನು ಎದುರಾಳಿಯ ಮೊದಲ ಪ್ರಶ್ನೆಗೇ ನಿಂತುಹೋಗುತ್ತಾನೆ, ಏಕೆಂದರೆ ಆ ಪ್ರಶ್ನೆ ಅವನ ಟಿಪ್ಪಣಿಯಲ್ಲಿ ಇರುವುದಿಲ್ಲ. ಎದುರಿನವರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅದರಲ್ಲಿ ಒಪ್ಪಬೇಕಾದದ್ದನ್ನು ಒಪ್ಪಿ, ಬಿಡಬೇಕಾದದ್ದನ್ನು ಕಾರಣ ಸಹಿತ ಬಿಟ್ಟು, ತನ್ನ ಪಾತ್ರದ ನಿಲುವಿಗೆ ಮರಳಿ ಬರುವ ಈ ಕೆಲಸ, ಖರೀದಿದಾರರೊಡನೆ ದರದ ಮಾತುಕತೆಗೆ ಕೂತಾಗ ಮಾಡಬೇಕಾದ ಕೆಲಸವೇ. ನಮ್ಮ ಸಂಘದ ಕಚೇರಿಯಲ್ಲಿ ಅತ್ಯಂತ ಕಠಿಣ ಸದಸ್ಯರನ್ನು ಸಮಾಧಾನಪಡಿಸಲು ಎಲ್ಲರೂ ಕರೆಯುತ್ತಿದ್ದ ಗುಮಾಸ್ತರೊಬ್ಬರು ಹವ್ಯಾಸಿ ಅರ್ಥಧಾರಿಯಾಗಿದ್ದರು. ಅವರು ಯಾವ ತರಬೇತಿಗೂ ಹೋದವರಲ್ಲ.

ಯಕ್ಷಗಾನದ ನೆಲೆಯಾಗಿ ಈ ಜಿಲ್ಲೆ ಹಳೆಯದು. ಹೊನ್ನಾವರ ತಾಲೂಕಿನ ಗುಣವಂತೆಯ ಕೆರೆಮನೆ ಕುಟುಂಬ ನಡೆಸುತ್ತಿರುವ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ 1934ರಲ್ಲಿ ಹುಟ್ಟಿದ್ದು, ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ. ಆದರೆ ಕಲಿಯಲು ಬರುವವರಿಗೆ ಮೇಳದ ಕೀರ್ತಿಗಿಂತ ಹೆಚ್ಚಾಗಿ ಊರಿನ ಹವ್ಯಾಸಿ ಕೂಟ ಬೇಕು. ಮಳೆಗಾಲದಲ್ಲಿ ಬಯಲಾಟಗಳು ನಿಂತಾಗ ಮನೆಯ ಜಗಲಿಯಲ್ಲಿ, ದೇವಸ್ಥಾನದ ಚಂದ್ರಶಾಲೆಯಲ್ಲಿ ಸೇರುವ ಕೂಟಗಳಲ್ಲಿ ಹೊಸಬರಿಗೆ ದೂತನ, ಚಾರಕನ ಸಣ್ಣ ಪಾತ್ರ ಸಿಗುತ್ತದೆ. ಮಹಿಳೆಯರ ಕೂಟಗಳೂ ನಡೆಯುತ್ತವೆ. ಸಣ್ಣ ಪಾತ್ರವಾದರೂ ಹತ್ತು ನಿಮಿಷ ಒಂದೇ ಸಮನೆ ಮಾತು ನಡೆಸಬೇಕಾಗುತ್ತದೆ. ಯಾವ ಕ್ಲಾಸಿನಲ್ಲಿಯೂ ಒಬ್ಬ ಹೊಸಬನಿಗೆ ಒಂದೇ ಸಂಜೆ ಅಷ್ಟು ಸಮಯ ಕೊಡುವುದಿಲ್ಲ. ಕೂಟ ಮುಗಿದ ಮೇಲೆ ಊಟಕ್ಕೆ ಕುಳಿತಾಗ ಹಿರಿಯರು ಎಲ್ಲಿ ಮಾತು ಜಾರಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಇದರ ಮಿತಿಗಳನ್ನೂ ಹೇಳದಿದ್ದರೆ ಹೋಲಿಕೆ ಪಕ್ಷಪಾತವಾಗುತ್ತದೆ. ತಾಳಮದ್ದಲೆ ವಿಸ್ತಾರವನ್ನು ಕಲಿಸುತ್ತದೆ, ಸಂಕ್ಷೇಪವನ್ನು ಕಲಿಸುವುದಿಲ್ಲ. ಅಲ್ಲಿಯ ಮಾತಿನ ಧಾಟಿ ಪುರಾಣದ್ದು, ಅದನ್ನು ಹಾಗೆಯೇ ಕಚೇರಿಗೆ ತಂದರೆ ಕೇಳುವವರಿಗೆ ಭಾರವಾಗುತ್ತದೆ. ಎರಡು ನಿಮಿಷದಲ್ಲಿ ವರದಿ ಒಪ್ಪಿಸಬೇಕಾದ ಕಡೆ ಪೀಠಿಕೆಯಲ್ಲಿಯೇ ಮೂರು ನಿಮಿಷ ಕಳೆಯುವ ಅಭ್ಯಾಸ ಅರ್ಥಧಾರಿಗಳಿಗೆ ಬರುವುದುಂಟು. ಇಂಗ್ಲಿಷಿಗಂತೂ ಇದರಿಂದ ನೇರ ಪ್ರಯೋಜನವಿಲ್ಲ. ಆದ್ದರಿಂದ ಧೈರ್ಯ, ಪ್ರತ್ಯುತ್ಪನ್ನ ಮಾತು, ಕೇಳುವ ಶಿಸ್ತು ಬೇಕಾದವರು ತಾಳಮದ್ದಲೆಗೆ ಹೋಗಲಿ. ಚುಟುಕಾಗಿ ಹೇಳುವುದು ಬಾರದವರು ಕ್ಲಬ್ಬಿನ ಕೆಂಪು ದೀಪದ ಕೆಳಗೆ ನಿಲ್ಲಲಿ. ಎರಡನ್ನೂ ಮಾಡಿದವರು ನನಗೆ ಕಂಡಂತೆ ಎಲ್ಲರಿಗಿಂತ ಚೆನ್ನಾಗಿ ಮಾತನಾಡುತ್ತಾರೆ.

ನಾಟಕವೂ ಹತ್ತಿರದ ದಾರಿಯೇ. ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಿಂದ ಇರುವ ನೀನಾಸಂ ನಮಗೆ ದೂರವೇನಲ್ಲ, ಆದರೆ ಅಲ್ಲಿಯ ರಂಗಶಿಕ್ಷಣ ಪೂರ್ಣಾವಧಿಯದು, ಕೆಲಸದಲ್ಲಿರುವವರಿಗೆ ಆಗುವಂಥದ್ದಲ್ಲ. ಊರಿನ ಹವ್ಯಾಸಿ ತಂಡವೇ ಸಾಕು. ಇನ್ನು ಗ್ರಾಮಸಭೆ ಮತ್ತು ಸಹಕಾರಿ ಸಂಘದ ವಾರ್ಷಿಕ ಸರ್ವಸಾಧಾರಣ ಸಭೆ ಇವೆರಡೂ ಶುಲ್ಕವಿಲ್ಲದ ವೇದಿಕೆಗಳು. ಸಭೆಗೆ ಮೊದಲೇ ಬರುವ ವರದಿ ಪುಸ್ತಿಕೆಯನ್ನು ಓದಿ, ಲೆಕ್ಕಪತ್ರದ ಮೇಲೆ ಒಂದೇ ಒಂದು ಪ್ರಶ್ನೆಯನ್ನು ಸಿಟ್ಟಿಲ್ಲದೆ, ಒಂದು ನಿಮಿಷದೊಳಗೆ ಕೇಳಿ ಕುಳಿತುಕೊಳ್ಳುವುದನ್ನು ಅಭ್ಯಾಸ ಮಾಡಿದವರು ಸಂದರ್ಶನಕ್ಕೆ ಹೆದರುವುದಿಲ್ಲ.

ಬರಹಕ್ಕೆ ತಿದ್ದುವ ಕೈ

ಬರಹದ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಖಚಿತವಾಗಿದೆ: ಬರೆಯುವುದನ್ನು ಕಲಿಸುವ ಕ್ಲಾಸಿಗಿಂತ ನಿಮ್ಮ ಹಾಳೆಯನ್ನು ಓದಿ ತಿದ್ದುವ ಒಬ್ಬ ವ್ಯಕ್ತಿ ಹೆಚ್ಚು ಬೆಲೆಯುಳ್ಳವರು. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಸದಸ್ಯರಿಗಾಗಿ ಬರೆದ ಒಂದು ನೋಟಿಸು ಹೀಗಿತ್ತು: "ಈ ಮೂಲಕ ಸಮಸ್ತ ಸದಸ್ಯ ಬಾಂಧವರಿಗೆ ತಿಳಿಯಪಡಿಸುವುದೇನೆಂದರೆ, ಸಂಘದ ವಾರ್ಷಿಕ ದಾಸ್ತಾನು ಪರಿಶೀಲನೆಯ ಪ್ರಯುಕ್ತ ದಿನಾಂಕ 14ರ ಗುರುವಾರದಂದು ಮಹಸೂಲು ಸ್ವೀಕರಿಸಲಾಗುವುದಿಲ್ಲವಾದ್ದರಿಂದ ಸದಸ್ಯರು ಸಹಕರಿಸಬೇಕಾಗಿ ವಿನಂತಿ." ಮಹಸೂಲು ಎಂದರೆ ನಮ್ಮ ಕಡೆ ಮಾರಲು ತರುವ ಫಸಲು. ಗುರುವಾರ ಬೆಳಿಗ್ಗೆ ದೂರದ ಹಳ್ಳಿಯ ಒಬ್ಬ ವೃದ್ಧ ಸದಸ್ಯರು ಚಾಲಿ ಅಡಿಕೆಯ ಚೀಲಗಳನ್ನು ಬಾಡಿಗೆ ವಾಹನದಲ್ಲಿ ಹೇರಿಕೊಂಡು ಬಂದರು. ನೋಟಿಸು ಓದಿದ್ದರು, ಗುರುವಾರ, ಮಹಸೂಲು ಎಂಬ ಎರಡು ಪದ ಅವರ ಕಣ್ಣಿಗೆ ಬಿದ್ದಿದ್ದವು, ವಾಕ್ಯದ ಕೊನೆಯ ನಿರಾಕರಣೆ ಬಿದ್ದಿರಲಿಲ್ಲ. ಬಾಡಿಗೆ ಹಣ ಅವರಿಗೆ ನಷ್ಟವಾಯಿತು, ಅದಕ್ಕೆ ಕಾರಣ ನನ್ನ ವಾಕ್ಯ ಎಂಬ ನೋವು ನನಗೆ ಇಂದಿಗೂ ಇದೆ. ಹಿರಿಯರು ಅದನ್ನು ತಿದ್ದಿ ಕೊಟ್ಟ ರೂಪ ಇದು: "14ನೇ ತಾರೀಕು ಗುರುವಾರ ಮಹಸೂಲು ತರಬೇಡಿ. ಅಂದು ದಾಸ್ತಾನು ಪರಿಶೀಲನೆ ಇದೆ. 15ರಂದು ಬೆಳಿಗ್ಗೆ 9ರಿಂದ ತೂಕ ಎಂದಿನಂತೆ ನಡೆಯುತ್ತದೆ." ಓದುವವರು ಮಾಡಬೇಕಾದದ್ದು ಮೊದಲು, ಕಾರಣ ಅದರ ನಂತರ, ಮುಂದೇನು ಎಂಬುದು ಕೊನೆಗೆ. ಇಂಗ್ಲಿಷ್ ಇಮೇಲಿಗೂ ವಾಟ್ಸಾಪ್ ಸಂದೇಶಕ್ಕೂ ಇದೇ ಕ್ರಮ ಸಲ್ಲುತ್ತದೆ.

ಅಂಥ ಹಿರಿಯರು ಕೆಲಸದ ಜಾಗದಲ್ಲಿಯೇ ಇದ್ದರೆ ಬೇರೆ ದಾರಿ ಹುಡುಕುವ ಅಗತ್ಯವಿಲ್ಲ. ಆದರೆ "ಇದನ್ನು ಸ್ವಲ್ಪ ನೋಡಿ" ಎಂದು ಕೊಟ್ಟರೆ ಅವರು ಸರಿಯಿದೆ ಎಂದು ಮರಳಿಸುತ್ತಾರೆ, "ಇದನ್ನು ಓದಿದರೆ ಸದಸ್ಯರು ಏನು ಮಾಡಬೇಕೆಂದು ತಿಳಿಯುತ್ತದೆಯೇ?" ಎಂದು ಕೇಳಿದರೆ ನಿಜವಾಗಿ ಓದುತ್ತಾರೆ. ಅಂಥವರು ಇಲ್ಲದಿದ್ದರೆ ಪತ್ರಿಕೆಯ ಓದುಗರ ಅಂಕಣ ಎರಡನೆಯ ಆಯ್ಕೆ. ಕಾರವಾರದ ಕರಾವಳಿ ಮುಂಜಾವು, ಶಿರಸಿಯ ಲೋಕಧ್ವನಿಯಂಥ ಪತ್ರಿಕೆಗಳಿಗೆ ಊರಿನ ರಸ್ತೆ, ಬಸ್ಸು, ನೀರಿನ ಬಗ್ಗೆ ಚಿಕ್ಕ ಪತ್ರ ಬರೆದು ಕಳಿಸಿ, ಪ್ರಕಟವಾದರೆ ಸಂಪಾದಕರು ಏನನ್ನು ತೆಗೆದರು ಎಂದು ನಿಮ್ಮ ಮೂಲ ಪ್ರತಿಯೊಡನೆ ಹೋಲಿಸಿ. ತೆಗೆದ ಸಾಲುಗಳೇ ಪಾಠ. ಪ್ರಕಟವಾಗದಿದ್ದರೆ ಕಾರಣ ತಿಳಿಯುವುದಿಲ್ಲ ಎಂಬುದು ಈ ದಾರಿಯ ದೋಷ.

ಮೂರನೆಯದು ಬಹಳ ಜನರಿಗೆ ಹೊಳೆಯದ ಅಭ್ಯಾಸ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕರ್ನಾಟಕದಲ್ಲಿ ಅರ್ಜಿ ಸಲ್ಲಿಸುವಾಗ ಒಂದೇ ವಿಷಯ ಇರಬೇಕು, ಅರ್ಜಿ ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು ಎಂಬ ನಿಯಮವಿದೆ; ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ನಿಮಗೆ ನಿಜವಾಗಿ ಬೇಕಾದ ಒಂದು ಮಾಹಿತಿಯನ್ನು ಆ ಮಿತಿಯೊಳಗೆ, ಅನುಮಾನಕ್ಕೆ ಎಡೆಯಿಲ್ಲದಂತೆ ಕೇಳಿ ನೋಡಿ. ಅರ್ಜಿ ಅಸ್ಪಷ್ಟವಾಗಿದ್ದರೆ ಉತ್ತರವೂ ಅಸ್ಪಷ್ಟವಾಗಿ ಬರುತ್ತದೆ, ಹೀಗಾಗಿ ನಿಮ್ಮ ಬರಹದ ಗುಣ ಒಂದು ತಿಂಗಳೊಳಗೆ ನಿಮಗೇ ಗೊತ್ತಾಗುತ್ತದೆ. ಕನ್ನಡದಲ್ಲಿ ಬರೆಯುವವರು ಯೂನಿಕೋಡಿನಲ್ಲಿ ಟೈಪು ಮಾಡುವುದನ್ನೂ ಕಲಿತಿರಬೇಕು. ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಪತ್ರ ಎದುರಿನವರ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ಆಡಳಿತದ ಪದಗಳಿಗೆ ರಾಜ್ಯ ಸರ್ಕಾರದ ಪದಕಣಜ ಜಾಲತಾಣ ನೆರವಾಗುತ್ತದೆ.

ಆನ್‌ಲೈನ್ ಕೋರ್ಸು ಮತ್ತು ಮೊಬೈಲಿನ ಸಾಧನಗಳು

ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ "ಸ್ವಯಂ" ಎಂಬ ಆನ್‌ಲೈನ್ ಕಲಿಕೆಯ ವೇದಿಕೆಯಲ್ಲಿ ಐಐಟಿಗಳ ಅಧ್ಯಾಪಕರು ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳಿವೆ, ಅವುಗಳಲ್ಲಿ ಸಂವಹನ ಮತ್ತು ಮೃದು ಕೌಶಲಗಳ ಕೋರ್ಸುಗಳೂ ಇವೆ. 4, 8 ಅಥವಾ 12 ವಾರದ ಈ ಪಾಠಗಳನ್ನು ನೋಡಲು ಹಣ ಬೇಡ. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ, ನಿಗದಿಯಾದ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಕೇಂದ್ರ ಯಾವ ಊರಿನಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ, ಜೋಯಿಡಾದಿಂದಲೋ ಸಿದ್ದಾಪುರದಿಂದಲೋ ಹೋಗುವವರಿಗೆ ಅದು ಒಂದು ಪೂರ್ಣ ದಿನದ ಪ್ರಯಾಣವಾಗಬಹುದು. ತಿಳಿವಳಿಕೆಗೆ ಇವು ಒಳ್ಳೆಯವು, ಆದರೆ ನಿಮ್ಮ ಮಾತನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಅಳತೆ ಬೇಕಾದವರಿಗೆ, ಅದರಲ್ಲೂ ವಿದೇಶಕ್ಕೆ ಹೊರಡುವವರಿಗೆ, ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆ ಇದೆ: ಮಾತಿನ ಭಾಗ 11ರಿಂದ 14 ನಿಮಿಷ, ಬರಹಕ್ಕೆ 60 ನಿಮಿಷದಲ್ಲಿ ಎರಡು ಕೆಲಸ, ಅಂಕ 9ರವರೆಗೆ. ಅದು ಅಳೆಯುತ್ತದೆ, ಕಲಿಸುವುದಿಲ್ಲ.

ಕೃತಕ ಬುದ್ಧಿಮತ್ತೆಯ ಸಾಧನಗಳು ಇಂಗ್ಲಿಷ್ ಪತ್ರದ ವ್ಯಾಕರಣ ತಿದ್ದಲು ಉಪಯುಕ್ತ. ಮೊದಲು ನೀವೇ ಬರೆದು, ನಂತರ ತಿದ್ದಿಸಿ, ತಿದ್ದುಪಡಿಯ ಕಾರಣ ಕೇಳಿದರೆ ಕಲಿಕೆ ಆಗುತ್ತದೆ. ಅದರಿಂದಲೇ ಬರೆಸಿದರೆ ಆಗುವುದಿಲ್ಲ. ಗ್ರಾಹಕರ ಹೆಸರು, ಖಾತೆಯ ವಿವರಗಳನ್ನು ಅದಕ್ಕೆ ಕೊಡಬೇಡಿ. ಮೊಬೈಲಿನ ಕನ್ನಡ ಧ್ವನಿ ಟೈಪಿಂಗಿಗೆ ನಾನು ಇನ್ನೊಂದು ಉಪಯೋಗ ಕಂಡುಕೊಂಡಿದ್ದೇನೆ: ಎರಡು ನಿಮಿಷ ಮಾತನಾಡಿ, ಅಕ್ಷರವಾಗಿ ಬಂದದ್ದನ್ನು ಓದಿದರೆ ಎಲ್ಲಿ ವಾಕ್ಯ ಮುಗಿಯಲೇ ಇಲ್ಲ, ಎಲ್ಲಿ ಅದೇ ಮಾತು ಮರಳಿ ಬಂತು ಎಂಬುದು ಕಣ್ಣಿಗೆ ಕಾಣುತ್ತದೆ.

ಯಾರಿಗೆ ಯಾವುದು

ಕಾರವಾರದ ಎಂಜಿನಿಯರಿಂಗ್ ಕಾಲೇಜೊಂದರ ಅಂತಿಮ ವರ್ಷದ ವಿದ್ಯಾರ್ಥಿನಿ, ಮನೆಯ ಮಾತು ಕೊಂಕಣಿ, ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಆಡಲು ಬಾರದು ಎಂದುಕೊಳ್ಳೋಣ. ಅವಳಿಗೆ ನಾನು ಐದು ಜನರ ಗುಂಪು ಮತ್ತು ಆನ್‌ಲೈನ್ ಕ್ಲಬ್ಬನ್ನು ಹೇಳುತ್ತೇನೆ. ವ್ಯಾಕರಣದ ಕ್ಲಾಸಿನಲ್ಲಿ ಅವಳು ತನಗೆ ಗೊತ್ತಿರುವುದನ್ನೇ ಎರಡು ತಿಂಗಳು ಮತ್ತೆ ಕೇಳುತ್ತಾಳೆ. ಗೋಕರ್ಣದಲ್ಲಿ ಅಥವಾ ದಾಂಡೇಲಿಯ ಕಾಡಂಚಿನಲ್ಲಿ ಹೋಂಸ್ಟೇ ನಡೆಸುವವರಿಗೆ ಬೇಕಾದದ್ದು ಭಾಷಣವಲ್ಲ. ಕೋಣೆ, ಊಟ, ದಾರಿ, ಮುಂಗಡ, ರದ್ದತಿ ಇವುಗಳ ಬಗ್ಗೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇಪ್ಪತ್ತು ಸ್ಪಷ್ಟ ಸಂದೇಶಗಳನ್ನು ಬಲ್ಲವರೊಬ್ಬರಿಂದ ತಿದ್ದಿಸಿ ಇಟ್ಟುಕೊಂಡರೆ ಅವರ ವ್ಯವಹಾರದ ಬಹುಭಾಗ ನಡೆಯುತ್ತದೆ. ಆಮೇಲೆ ಬಿಡುವಿರುವ ಮಳೆಗಾಲದಲ್ಲಿ ಸಣ್ಣ ಬ್ಯಾಚಿನ ಕ್ಲಾಸಿಗೆ ಸೇರಬಹುದು. ಸಿದ್ದಾಪುರದ ಸಹಕಾರಿ ಸಂಘದ ಹೊಸ ಗುಮಾಸ್ತನಿಗೆ ಹಿರಿಯರ ಕೆಂಪು ಶಾಯಿ ಮತ್ತು ಊರಿನ ತಾಳಮದ್ದಲೆ ಕೂಟ ಸಾಕು. ಇಂಗ್ಲಿಷಿನಲ್ಲಿ ವಾಕ್ಯವೇ ಕಟ್ಟಲಾಗದೆ ಹೊರಗೆ ಕೆಲಸ ಹುಡುಕುವವರು ಮಾತ್ರ ನೇರವಾಗಿ ಕ್ಲಾಸಿನಿಂದ ಆರಂಭಿಸಲಿ, ಎಂಟು ಹತ್ತು ಜನಕ್ಕಿಂತ ಹೆಚ್ಚಿಲ್ಲದ ಕ್ಲಾಸನ್ನೇ ಹುಡುಕಲಿ.

ಯಾವುದಕ್ಕೆ ಸೇರಿದರೂ ಸೇರುವ ಹಿಂದಿನ ದಿನ ನಿಮ್ಮ ಕೆಲಸದ ಬಗ್ಗೆ ಎರಡು ನಿಮಿಷ ಮಾತನಾಡಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಒಂದು ಪುಟದ ಪತ್ರ ಬರೆದು, ಎರಡನ್ನೂ ತಾರೀಕು ಹಾಕಿ ಇಟ್ಟುಕೊಳ್ಳಿ. ಮೂರು ತಿಂಗಳ ನಂತರ ಅದೇ ವಿಷಯದ ಮೇಲೆ ಮತ್ತೆ ಮಾತನಾಡಿ, ಮತ್ತೆ ಬರೆದು, ಹಳೆಯದು ಯಾವುದು ಹೊಸದು ಯಾವುದು ಎಂದು ಹೇಳದೆ ಪರಿಚಯದ ಒಬ್ಬರಿಗೆ ಕೊಡಿ. ಅವರಿಗೆ ವ್ಯತ್ಯಾಸ ಗೊತ್ತಾಗದಿದ್ದರೆ, ಕಟ್ಟಿದ ಹಣದ ಮುಖ ನೋಡದೆ, ಆ ದಾರಿಯನ್ನು ಬಿಟ್ಟು ಇನ್ನೊಂದನ್ನು ಹಿಡಿಯಿರಿ.